ಹಸಿವಿನ ಲೆಕ್ಕ ಸರಿ, ಕೊಲೆಯ ಲೆಕ್ಕ ತಪ್ಪು

ಸದಸ್ಯರೊಬ್ಬರು ಮನೆ ಬದಲಿಸುವಾಗ ನಮ್ಮ ಸಂಘದ ವಾಚನಾಲಯಕ್ಕೆ ಕೊಟ್ಟ ಎರಡು ಪೆಟ್ಟಿಗೆ ಪುಸ್ತಕಗಳಲ್ಲಿ 'ದಿ ಹಂಗರ್ ಗೇಮ್ಸ್' ಎಂಬ ಇಂಗ್ಲಿಷ್ ಕಾದಂಬರಿಯೂ ಇತ್ತು. ಅದನ್ನು ಮಕ್ಕಳ ಕಪಾಟಿನಲ್ಲಿ ಇಡುವುದೋ ಬೇಡವೋ ಎಂಬ ಪ್ರಶ್ನೆ ಸಮಿತಿಯ ಸಭೆಯಲ್ಲಿ ಬಂತು. ಮಕ್ಕಳು ಮಕ್ಕಳನ್ನೇ ಕೊಲ್ಲುವ ಕಥೆಯಂತೆ, ಅಂಥದ್ದು ನಮಗೇಕೆ ಎಂದು ಮಹಿಳಾ ವಿಭಾಗದವರೊಬ್ಬರು ಆಕ್ಷೇಪಿಸಿದರು. ಯುವ ವಿಭಾಗದವರು ನಕ್ಕರು. ಅವರೆಲ್ಲ ಶಾಲೆಯಲ್ಲಿರುವಾಗಲೇ ಅದನ್ನು ಓದಿ ಮುಗಿಸಿದ್ದರು. ಕೊನೆಗೆ ಅಧ್ಯಕ್ಷರು, "ನೀವೇ ಓದಿ ಹೇಳಿ ಮಾರಾಯ್ರೇ, ಹೇಗೂ ಗಾಡಿಯಲ್ಲಿ ಓದುತ್ತೀರಲ್ಲ" ಎಂದು ಪುಸ್ತಕವನ್ನು ನನ್ನ ಕೈಗಿತ್ತರು. ಡೊಂಬಿವಲಿಯಿಂದ ಫೋರ್ಟ್‌ಗೆ ಹೋಗಿ ಬರುವ ದಾರಿಯಲ್ಲಿ ಒಂದು ವಾರದಲ್ಲಿ ಮುಗಿಸಿದೆ. ಸೀಟು ಸಿಗದ ದಿನ ನಿಂತುಕೊಂಡೇ ಓದಿದೆ ಎಂಬುದು ಪುಸ್ತಕದ ಪರವಾಗಿ ನನ್ನ ಮೊದಲ ಮಾತು.

ಅಮೆರಿಕದ ಸುಝಾನ್ ಕಾಲಿನ್ಸ್ ಬರೆದ ಈ ಕಾದಂಬರಿ 2008ರಲ್ಲಿ ಪ್ರಕಟವಾಯಿತು. ಮುಂದಿನ ಎರಡು ಭಾಗಗಳು 2009 ಮತ್ತು 2010ರಲ್ಲಿ ಬಂದವು. 2012ರಲ್ಲಿ ಸಿನಿಮಾವೂ ಆಯಿತು. ಲೇಖಕಿ ಹಿಂದೆ ಮಕ್ಕಳ ಟಿ.ವಿ. ಕಾರ್ಯಕ್ರಮಗಳಿಗೆ ಬರೆಯುತ್ತಿದ್ದವರು. ಒಂದು ರಾತ್ರಿ ಚಾನೆಲ್ ಬದಲಿಸುತ್ತಿದ್ದಾಗ ಒಂದೆಡೆ ಯುವಕರ ಸ್ಪರ್ಧೆಯ ರಿಯಾಲಿಟಿ ಶೋ, ಇನ್ನೊಂದೆಡೆ ಇರಾಕ್ ಯುದ್ಧದ ದೃಶ್ಯ ಕಂಡು ಈ ಕಥೆ ಹೊಳೆಯಿತೆಂದು ಅವರೇ ಹೇಳಿದ್ದಾರೆ.

ಕಥೆ ನಡೆಯುವುದು ಮುಂದೆಂದೋ ಒಂದು ಕಾಲದಲ್ಲಿ. ಉತ್ತರ ಅಮೆರಿಕ ಹಾಳಾಗಿ ಪಾನೆಮ್ ಎಂಬ ದೇಶವಾಗಿದೆ. ಸಕಲ ಸುಖವೂ ರಾಜಧಾನಿ ಕ್ಯಾಪಿಟಲ್‌ಗೆ, ದುಡಿಮೆ 12 ಜಿಲ್ಲೆಗಳಿಗೆ. ಹಿಂದೊಮ್ಮೆ ದಂಗೆ ಎದ್ದ ತಪ್ಪಿಗೆ ಪ್ರತಿ ಜಿಲ್ಲೆಯೂ ವರ್ಷಕ್ಕೊಮ್ಮೆ 12ರಿಂದ 18 ವರ್ಷದೊಳಗಿನ ಒಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಚೀಟಿ ಎತ್ತಿ ಕಪ್ಪವಾಗಿ ಕೊಡಬೇಕು. ಆ 24 ಮಂದಿ ಒಂದು ಕಣದಲ್ಲಿ ಹೊಡೆದಾಡಿ ಒಬ್ಬರು ಮಾತ್ರ ಉಳಿಯಬೇಕು. ದೇಶವೆಲ್ಲ ಅದನ್ನು ಟಿ.ವಿ.ಯಲ್ಲಿ ನೋಡಲೇಬೇಕು. ಕಲ್ಲಿದ್ದಲಿನ 12ನೇ ಜಿಲ್ಲೆಯಲ್ಲಿ 12 ವರ್ಷದ ಪ್ರಿಮ್‌ಳ ಹೆಸರು ಬಂದಾಗ 16 ವರ್ಷದ ಅಕ್ಕ ಕ್ಯಾಟ್ನಿಸ್ ಅವಳ ಬದಲು ತಾನೇ ಹೋಗುತ್ತಾಳೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಹೊಡೆದಾಟವಲ್ಲ, ಆ ಚೀಟಿಗಳ ಲೆಕ್ಕ. ಬಡವರ ಮಕ್ಕಳು ತಮ್ಮ ಹೆಸರಿನ ಚೀಟಿಯನ್ನು ಹೆಚ್ಚು ಹಾಕಿಸಿ ಧಾನ್ಯ, ಎಣ್ಣೆ ಪಡೆಯಬಹುದು. ಒಂದು ಚೀಟಿಗೆ ಒಬ್ಬರಿಗೆ ಒಂದು ವರ್ಷದ ಅಲ್ಪಸ್ವಲ್ಪ ರೇಶನ್. ಹಾಕಿದ ಚೀಟಿ ವಾಪಸು ಬರುವುದಿಲ್ಲ, ವರ್ಷದಿಂದ ವರ್ಷಕ್ಕೆ ಕೂಡುತ್ತಾ ಹೋಗುತ್ತದೆ. ತಂದೆ ಗಣಿಯಲ್ಲಿ ಸತ್ತ ಮೇಲೆ ಕ್ಯಾಟ್ನಿಸ್ ತನಗೆ, ತಾಯಿಗೆ, ತಂಗಿಗೆಂದು ವರ್ಷಕ್ಕೆ ಮೂರು ಹೆಚ್ಚು ಚೀಟಿ ಹಾಕಿಸಿದವಳು. ಕಡ್ಡಾಯದ್ದು ಸೇರಿ ವರ್ಷಕ್ಕೆ ನಾಲ್ಕು, ಐದು ವರ್ಷಕ್ಕೆ ಇಪ್ಪತ್ತು. ಐದು ಜನರ ಸಂಸಾರ ಹೊತ್ತ ಅವಳ ಗೆಳೆಯ ಗೇಲ್‌ಗೆ 18ರಲ್ಲಿ 42. ಬ್ಯಾಂಕಿನಲ್ಲಿ ಮೂವತ್ತು ವರ್ಷ ಬಡ್ಡಿ ಹಾಕಿದ ನಾನು ಟಿಕೆಟಿನ ಹಿಂಬದಿಯಲ್ಲಿ ಗುಣಿಸಿ ನೋಡಿದೆ, ತಾಳೆಯಾಯಿತು. ಕಾಗದದಲ್ಲಿ ಎಲ್ಲರಿಗೂ ಒಂದೇ ನಿಯಮ, ಆದರೆ ಹೊಟ್ಟೆ ತುಂಬಿದವನ ಮಗನಿಗೆ ಏಳೇ ಚೀಟಿ. ಸಾಲದ ಕಾಗದಕ್ಕೆ ಓದದೆ ಸಹಿ ಹಾಕುವವರನ್ನು ಕೌಂಟರಿನ ಈಚೆಯಿಂದ ನೋಡಿದವರಿಗೆ ಇದು ಕಟ್ಟುಕಥೆ ಅನಿಸುವುದಿಲ್ಲ. ನಲವತ್ತು ವರ್ಷದ ಹಿಂದೆ ಸೀಮೆಎಣ್ಣೆಯ ಸಾಲಿನಲ್ಲಿ ಡಬ್ಬ ಇಟ್ಟು ಶಾಲೆಗೆ ಓಡಿದವರು ನಮ್ಮಲ್ಲಿಯೂ ಇದ್ದಾರಲ್ಲವೇ?

ಇಷ್ಟು ಕಟ್ಟುನಿಟ್ಟಾಗಿ ಲೆಕ್ಕ ಬರೆದ ಲೇಖಕಿ ಕಣದೊಳಗೆ ಹೋದ ಮೇಲೆ ರಿಯಾಯಿತಿ ಕೊಡಲು ತೊಡಗುತ್ತಾರೆ. ಒಳ್ಳೆಯವರನ್ನೂ ಕೊಲ್ಲಬೇಕಾಗಿ ಬಂದರೆ ಈ ಹುಡುಗಿ ಏನು ಮಾಡಿಯಾಳು ಎಂಬುದೇ ನಿಜವಾದ ಪ್ರಶ್ನೆ. ಅದು ಅವಳ ಎದುರು ಬರುವುದೇ ಇಲ್ಲ. ಅವಳ ಕೈಯಿಂದ ಸಾಯುವವರೆಲ್ಲ ಮೊದಲೇ ತರಬೇತಿ ಪಡೆದು ಕೊಲ್ಲಲು ಹಾತೊರೆಯುವವರು. ಅವಳ ಜೀವ ಉಳಿಸಿದ ಥ್ರೆಶ್ ಎಂಬ ಹುಡುಗನನ್ನು ಇನ್ನೊಬ್ಬ ಮುಗಿಸುತ್ತಾನೆ. ಚುರುಕು ಹುಡುಗಿಯೊಬ್ಬಳು ವಿಷದ ಹಣ್ಣು ತಿಂದು ತಾನಾಗಿ ಸಾಯುತ್ತಾಳೆ. ಅರ್ಧ ಆಟದಲ್ಲಿ ನಿಯಮವೇ ಬದಲಾಗಿ, ಒಂದೇ ಜಿಲ್ಲೆಯ ಇಬ್ಬರು ಗೆಲ್ಲಬಹುದು ಎಂದು ಸಾರಲಾಗುತ್ತದೆ. ಅದು ಮುಂದೆ ಏನಾಗುತ್ತದೆ ಎಂದು ಹೇಳುವುದಿಲ್ಲ. ಆದರೂ ನಾಯಕಿಯ ಖಾತೆ ಸ್ವಚ್ಛವಾಗಿ ಉಳಿಯಲೆಂದು ಯಾರೋ ನಡುನಡುವೆ ಜಮಾ ಮಾಡಿದಂತೆ ನನಗನಿಸಿತು. ಇನ್ನು ಬ್ರೆಡ್ ಅಂಗಡಿಯವನ ಮಗ ಪೀಟಾನ ಜೊತೆಗಿನ ಗುಹೆಯ ಪ್ರೇಮ ಪ್ರಕರಣ ಕರ್ಜತ್ ಗಾಡಿಯಷ್ಟೇ ಉದ್ದ. ಎಂಟು ಸಾವಿರ ಜನರ ಜಿಲ್ಲೆಯೊಂದು ದೇಶಕ್ಕೆಲ್ಲ ಕಲ್ಲಿದ್ದಲು ಹೇಗೆ ಪೂರೈಸುತ್ತದೆ ಎಂದೂ ಕೇಳಬೇಕೆನಿಸಿತು, ಬಿಟ್ಟೆ.

ಆದರೆ ರೂ ಎಂಬ 12 ವರ್ಷದ ಹುಡುಗಿಯ ಪ್ರಸಂಗದಲ್ಲಿ ನನ್ನ ತಕರಾರು ನಿಂತಿತು. ಅವಳು 11ನೇ ಜಿಲ್ಲೆಯವಳು. ದೇಶಕ್ಕೆ ಅನ್ನ ಬೆಳೆಯುವ ಆ ಜಿಲ್ಲೆಯಲ್ಲಿ ಬೆಳೆದವನೇ ತಿಂದರೆ ಚಾಟಿಯೇಟು. ರೂ ಸತ್ತಾಗ ಕ್ಯಾಟ್ನಿಸ್ ಅವಳ ಮೈಮೇಲೆ ಹೂ ಮುಚ್ಚುತ್ತಾಳೆ. ಸ್ವಲ್ಪದರಲ್ಲೇ ಆಕಾಶದಿಂದ ಒಂದು ಬ್ರೆಡ್ ಇಳಿಯುತ್ತದೆ, 11ನೇ ಜಿಲ್ಲೆಯವರ ಉಡುಗೊರೆ. ಕಣಕ್ಕೆ ಏನು ಕಳಿಸಬೇಕಾದರೂ ಭಾರೀ ಬೆಲೆ. ತುತ್ತಿಗೆ ಗತಿಯಿಲ್ಲದವರು ರೂಗಾಗಿ ಚಿಲ್ಲರೆ ಕೂಡಿಸಿ ಕೊಂಡ ಬ್ರೆಡ್ ಇರಬೇಕು. ಅವಳೇ ಹೋದ ಮೇಲೆ ಅದು ಬೇರೆ ಜಿಲ್ಲೆಯ ಹುಡುಗಿಗೆ ಬಂದಿದೆ. ಚಂದಾ ಪುಸ್ತಕ ಹಿಡಿದು ಮೆಟ್ಟಿಲು ಹತ್ತಿ ಇಳಿದವರಿಗೆ ಆ ಬ್ರೆಡ್ಡಿನ ತೂಕ ಗೊತ್ತು. ಸಿನಿಮಾದಲ್ಲಿ ಈ ಬ್ರೆಡ್ ಇಲ್ಲ, ಅದರ ಜಾಗದಲ್ಲಿ ಗಲಭೆ ತೋರಿಸಿದ್ದಾರೆ. ನನಗೆ ಪುಸ್ತಕದ್ದೇ ಹೆಚ್ಚು ಹಿಡಿಸಿತು.

ಒಂದು ವಿಷಯ ಒಪ್ಪಿಕೊಳ್ಳಬೇಕು. ಮುಂದೆ ಯಾರು ಸಾಯುತ್ತಾರೆ ಎಂಬ ಆತುರದಲ್ಲಿ ಒಂದು ಸಂಜೆ ನಾನು ಇಳಿಯಬೇಕಾದ ಸ್ಟೇಶನ್ ದಾಟಿ ಕಲ್ಯಾಣಕ್ಕೆ ಹೋದೆ. ಕ್ಯಾಪಿಟಲ್‌ನ ಪ್ರೇಕ್ಷಕರೂ ಹೀಗೆಯೇ ನೋಡುತ್ತಿದ್ದಿರಬೇಕು ಎಂದು ವಾಪಸು ಗಾಡಿಗೆ ಕಾಯುವಾಗ ಹೊಳೆದು ಕಸಿವಿಸಿಯಾಯಿತು. ಇದು ಲೇಖಕಿ ಬೇಕೆಂದೇ ಮಾಡಿದ್ದೋ, ಅಥವಾ ಅವರೂ ಅದೇ ಟಿ.ವಿ.ಯ ಕೈಚಳಕವನ್ನು ನಂಬಿಕೊಂಡರೋ, ನನ್ನಲ್ಲಿ ಎರಡು ಮನಸ್ಸಿದೆ.

ಮುಂದಿನ ಸಭೆಯಲ್ಲಿ ನನ್ನ ಅಭಿಪ್ರಾಯ ಇಷ್ಟು: ಪುಸ್ತಕ ಇರಲಿ, ಆದರೆ ಸಣ್ಣ ಮಕ್ಕಳ ಕೈಗೆಟುಕುವ ಕೆಳಗಿನ ಹಲಗೆಯಲ್ಲಿ ಬೇಡ, ಎಂಟನೆಯ ತರಗತಿ ದಾಟಿದವರು ಕೇಳಿದರೆ ಕೊಡೋಣ. ಬೆನ್ನು ಕಿತ್ತುಹೋಗಿದೆ, ಬೈಂಡ್ ಮಾಡಿಸಲು ಕೊಟ್ಟಿದ್ದೇನೆ. ಬಂದ ಕೂಡಲೇ ಅಂದು ಆಕ್ಷೇಪಿಸಿದ ಅಕ್ಕನ ಹೆಸರಿಗೇ ಮೊದಲು ರಿಜಿಸ್ಟರಿನಲ್ಲಿ ಬರೆಯುತ್ತೇನೆಂದು ಅವರಿಗೆ ತಿಳಿಸಿದ್ದೇನೆ.