ಬಿತ್ತನೆ ಹೊತ್ತಿಗೇ ಬರುವ ಅಡ್ವಾನ್ಸ್

ಬೆಂಗಳೂರಿನಲ್ಲಿ ಮನೆ ಬಾಡಿಗೆ ಜಾಸ್ತಿ ಎಂಬುದು ಹೊಸ ಸುದ್ದಿಯೇನಲ್ಲ. ಆದರೆ ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಕೆಲಸಕ್ಕೆಂದು ಹೊರಡುವ ನಮ್ಮಂಥವರನ್ನು ಮೊದಲು ತಡೆಯುವುದು ಬಾಡಿಗೆಯಲ್ಲ, ಅಡ್ವಾನ್ಸ್. ಬಾಡಿಗೆಯನ್ನು ಹೇಗೋ ಸಂಬಳದಲ್ಲಿ ಕಟ್ಟಬಹುದು. ಅಡ್ವಾನ್ಸನ್ನು ಮೊದಲ ಸಂಬಳ ಬರುವ ಮುಂಚೆಯೇ ಎಣಿಸಿ ಕೊಡಬೇಕು. ಸುಮಾರು 600 ಕಿ.ಮೀ. ದೂರದವರಿಗೆ ದಿನಾ ಮನೆಯಿಂದ ಓಡಾಡುವ ದಾರಿಯೂ ಇಲ್ಲ.

ಅಲ್ಲಿನ ರೂಢಿ ಹತ್ತು ತಿಂಗಳ ಬಾಡಿಗೆ. ಈಗೀಗ ಕೆಲವರು ಐದಾರು ತಿಂಗಳಿಗೂ ಒಪ್ಪುತ್ತಾರೆ. ತಿಂಗಳಿಗೆ 15 ಸಾವಿರದ ಮನೆ ಎಂದುಕೊಳ್ಳಿ, ಹತ್ತು ತಿಂಗಳದ್ದು ಒಂದೂವರೆ ಲಕ್ಷ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಪ್ರಕಾರ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಪಡೆಯುವಂತಿಲ್ಲ. ಆ ಲೆಕ್ಕದಲ್ಲಿ 30 ಸಾವಿರ ಸಾಕು. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾನೂನಾಗಿ ತಂದರಷ್ಟೇ ಜಾರಿ. ಮಾಲೀಕರ ಮುಂದೆ ಈ ಮಾತು ಎತ್ತಿದರೆ ಮನೆ ಇನ್ನೊಬ್ಬರ ಪಾಲಾಗುತ್ತದೆ, ಅಷ್ಟೇ.

ಇನ್ನು ತಿಂಗಳುಗಳ ಲೆಕ್ಕ ನೋಡಿ. ಬಿಇ ಮುಗಿಸಿದವರು ಕೆಲಸಕ್ಕೆ ಸೇರುವುದು ಹೆಚ್ಚಾಗಿ ಜೂನ್‌ನಿಂದ ಆಗಸ್ಟ್ ಒಳಗೆ. ನಮ್ಮಲ್ಲಿ ತೊಗರಿ ಬಿತ್ತುವುದೂ ಜೂನ್, ಜುಲೈನಲ್ಲೇ. ಬೀಜ, ಗೊಬ್ಬರ, ಕೂಲಿ ಎಂದು ಮನೆಯ ರೊಕ್ಕವೆಲ್ಲ ಹೊಲಕ್ಕೆ ಹೋಗಿರುತ್ತದೆ. ರಾಶಿಯಾಗಿ ಮಾಲು ಕಲಬುರಗಿ ಎಪಿಎಂಸಿಗೆ ಹೋಗಬೇಕೆಂದರೆ ಡಿಸೆಂಬರ್, ಜನವರಿ ಬರಬೇಕು. ನಮ್ಮ ತೊಗರಿಗೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿದ್ದು ಹೆಮ್ಮೆಯೇ, ಆದರೆ ಜುಲೈನಲ್ಲಿ ಅದು ಇನ್ನೂ ಮೊಳಕೆ.

ಜೇವರ್ಗಿ ತಾಲ್ಲೂಕಿನ ನಮ್ಮ ಸೀನಿಯರ್ ಅಣ್ಣನೊಬ್ಬ ಇದನ್ನು ಅನುಭವಿಸಿದ. ಫೋನ್‌ನಲ್ಲಿ ಅವರಪ್ಪ, ‘ನೌಕರಿ ಸಿಕ್ಕದ ಅಂತಿ ತಮ್ಮಾ, ಮತ್ತ ರೊಕ್ಕಾನೂ ನಾವೇ ಕೊಡಬೇಕೇನು?’ ಎಂದರಂತೆ. ನ್ಯಾಯವಾದ ಪ್ರಶ್ನೆ. ಕೊನೆಗೆ ಅಡತಿ ಅಂಗಡಿಯಲ್ಲಿ ಸಾಲ ತೆಗೆದರು, ಬೆಳೆ ಅಲ್ಲಿಗೇ ತರಬೇಕೆಂಬ ಮಾತಿನ ಮೇಲೆ. ಬೆಂಗಳೂರಿನ ಅಡ್ವಾನ್ಸ್‌ಗೆ ಹೊಲದ ಮೇಲೆ ಇನ್ನೊಂದು ಅಡ್ವಾನ್ಸ್! ಬ್ಯಾಂಕಿಗೆ ಹೋದರೆ ಅವರು ಕೇಳಿದ್ದು ಸಂಬಳದ ಚೀಟಿ. ಸಂಬಳ ಶುರುವಾಗಬೇಕಾದರೆ ಮೊದಲು ಇರಲು ಜಾಗ ಬೇಕಲ್ಲ?

ಹಾಗಾಗಿ ಹೆಚ್ಚಿನವರು ಪಿಜಿ ಸೇರುತ್ತಾರೆ. ಒಂದು ಕೋಣೆಗೆ ಮೂವರು, ಒಗೆದ ಬಟ್ಟೆ ಒಣಗದ ವಾಸನೆ, ಜೋಳದ ರೊಟ್ಟಿ ಕನಸು. ಆದರೂ ಒಂದೆರಡು ತಿಂಗಳ ಅಡ್ವಾನ್ಸ್‌ನಲ್ಲಿ ಕೆಲಸ ಆಗುತ್ತದೆ. ಅಲ್ಲಿ ಜಿಎಸ್‌ಟಿ ಹೆಸರಲ್ಲಿ ಹೆಚ್ಚು ಕೇಳಿದರೆ ಒಂದು ವಿಷಯ ಗೊತ್ತಿರಲಿ: ತಲೆಗೆ ತಿಂಗಳಿಗೆ 20 ಸಾವಿರದವರೆಗಿನ, ಕನಿಷ್ಠ 90 ದಿನ ಸತತ ವಾಸದ ವಸತಿಗೆ 2024ರಲ್ಲಿ ವಿನಾಯಿತಿ ಸಿಕ್ಕಿದೆ.

371(ಜೆ) ನಮಗೆ ಕಾಲೇಜು ಸೀಟು, ಸರ್ಕಾರಿ ಹುದ್ದೆಗಳಲ್ಲಿ ಮೀಸಲಾತಿ ಕೊಟ್ಟಿದೆ. ಖಾಸಗಿ ಕೆಲಸಕ್ಕೆ ಹೋಗುವವರಿಗೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಈ ಅಡ್ವಾನ್ಸನ್ನು ಬಡ್ಡಿಯಿಲ್ಲದ ಸಾಲವಾಗಿ ಕೊಡಬಾರದೇಕೆ? ಇದು ಖರ್ಚಾಗಿ ಹೋಗುವ ಹಣವಲ್ಲ. ಮನೆ ಬಿಟ್ಟಾಗ, ಪೇಂಟಿಂಗ್ ಎಂದು ಒಂದು ತಿಂಗಳದ್ದು ಮುರಿದುಕೊಂಡರೂ, ಉಳಿದದ್ದು ವಾಪಸ್ ಬರುತ್ತದೆ. ಕಂಪನಿಗಳೂ ಆಫರ್ ಲೆಟರ್ ಜತೆ ಒಂದು ತಿಂಗಳ ಸಂಬಳ ಮುಂಚಿತವಾಗಿ ಕೊಟ್ಟು ಆಮೇಲೆ ಕಂತಿನಲ್ಲಿ ಹಿಡಿದುಕೊಳ್ಳಬಹುದು. ಪ್ಲೇಸ್‌ಮೆಂಟ್‌ಗೆ ಬರುವ ಎಚ್‌ಆರ್‌ಗಳು ‘ಎನಿ ಕ್ವೆಶ್ಚನ್ಸ್?’ ಎಂದಾಗ ನಾವೆಲ್ಲ ಸುಮ್ಮನೆ ಕೂರುತ್ತೇವೆ. ಈ ಸಲ ನಮ್ಮ ಬ್ಯಾಚಿನವರು ಇದನ್ನೇ ಕೇಳುವುದೆಂದು ಮಾತಾಡಿಕೊಂಡಿದ್ದೇವೆ.