ಬಾಣಂತಿಯ ಕೋಣೆಯೂ ಥರ್ಮೊಸ್ಟಾಟೂ

ಇಸ್ತ್ರಿ ಪೆಟ್ಟಿಗೆಯ ಕೆಂಪು ದೀಪ ತಾನಾಗಿಯೇ ಆರಿ, ಸ್ವಲ್ಪ ಹೊತ್ತಿನ ಮೇಲೆ ತಾನಾಗಿಯೇ ಹೊತ್ತಿಕೊಳ್ಳುವುದನ್ನು ನಾವೆಲ್ಲರೂ ಕಂಡಿದ್ದೇವೆ. ಅದು ಯಾತಕ್ಕೆ ಹಾಗೆ ಮಾಡುತ್ತದೆಂದು ಕೇಳಿದವರು ಮಾತ್ರ ಕಡಮೆ. ಪೆಟ್ಟಿಗೆಯೊಳಗೆ ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಮಾಡಿದ ಒಂದು ಪುಟ್ಟ ಪಟ್ಟಿಯಿರುತ್ತದೆ. ಕಾವೇರಿದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಮೆ ಹಿಗ್ಗುತ್ತದೆ. ಆದುದರಿಂದ ಪಟ್ಟಿ ಬಾಗುತ್ತದೆ. ಬಾಗಿದ ಪಟ್ಟಿ ವಿದ್ಯುತ್ತಿನ ದಾರಿಯನ್ನು ಕಡಿಯುತ್ತದೆ; ಆರಿ ನೆಟ್ಟಗಾದಾಗ ಮತ್ತೆ ಕೂಡಿಸುತ್ತದೆ. ಬಚ್ಚಲುಮನೆಯ ಗೀಸರಿನಲ್ಲಿಯೂ, ಅಡಿಗೆಮನೆಯ ಫ್ರಿಜ್ಜಿನಲ್ಲಿಯೂ ಇದೇ ಕೆಲಸದ ಕಾವಲುಗಾರನೊಬ್ಬನಿದ್ದಾನೆ. ಇವನ ಹೆಸರು ಥರ್ಮೊಸ್ಟಾಟ್. ಕನ್ನಡದಲ್ಲಿ ತಾಪಸ್ಥಾಪಕ ಎನ್ನಬಹುದು. ಆದರೆ ಆ ಹೆಸರು ಹೇಳಿದರೆ ಯಾವ ಅಂಗಡಿಯವನೂ ಸಾಮಾನು ಕೊಡಲಾರನಾದ್ದರಿಂದ ನಾನು ಇಂಗ್ಲಿಷಿನ ಹೆಸರನ್ನೇ ಉಳಿಸಿಕೊಂಡಿದ್ದೇನೆ.

ಅರ್ಥಶಾಸ್ತ್ರ ಬೋಧಿಸುವವನಿಗೂ ಈ ಯಂತ್ರಕ್ಕೂ ಏನು ನಂಟು ಎಂದು ನಮ್ಮ ಭೌತಶಾಸ್ತ್ರದ ಮಿತ್ರರು ಕೇಳಬಹುದು. ನಂಟು ಬಂದದ್ದು ಬಾಣಂತನದ ದೆಸೆಯಿಂದ. ನಮ್ಮ ಅಕ್ಕ, ಭಾವ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿದ್ದಾರೆ. ಅಕ್ಕನ ಬಾಣಂತನಕ್ಕೆಂದು ಹೊರಟ ಅಮ್ಮನನ್ನು ಒಬ್ಬಳನ್ನೇ ಕಳುಹಿಸಲು ಧೈರ್ಯ ಸಾಲದೆ ರಜೆ ಹಾಕಿ ನಾನೂ ಜೊತೆಗೆ ಹೋದೆ. ತಿಂಗಳು ಜನವರಿ. ಆ ಊರಿನಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಕ್ಕೆ ಇಳಿಯುವುದು ಅಪರೂಪವಲ್ಲ. ನೆಲಮಾಳಿಗೆಯಲ್ಲಿ ಅನಿಲದಿಂದ ಉರಿಯುವ ಒಂದು ಕುಲುಮೆ. ಅದು ಗಾಳಿಯನ್ನು ಕಾಯಿಸಿ ತಗಡಿನ ಕೊಳವೆಗಳ ಮೂಲಕ ಎಲ್ಲ ಕೋಣೆಗಳಿಗೂ ಊದುತ್ತದೆ. ಕುಲುಮೆ ಯಾವಾಗ ಹೊತ್ತಬೇಕು, ಯಾವಾಗ ಆರಬೇಕು ಎಂದು ಅಪ್ಪಣೆ ಕೊಡುವುದು ನಡುಮನೆಯ ಗೋಡೆಯ ಮೇಲಿನ ಥರ್ಮೊಸ್ಟಾಟ್. ಅಲ್ಲಿ ಇದು ಸೊಗಸಿನ ಸಾಮಾನಲ್ಲ, ಜೀವದ ಪ್ರಶ್ನೆ.

ಇಂಥ ಯಂತ್ರ ಹುಟ್ಟಿದ್ದು ಪಾಠಶಾಲೆಯಲ್ಲಿ ಎಂಬುದು ನಮ್ಮಂಥ ಮೇಷ್ಟ್ರುಗಳಿಗೆ ಹೆಮ್ಮೆಯ ಸಂಗತಿ. ವಿಸ್ಕಾನ್ಸಿನ್ ಸಂಸ್ಥಾನದ ವೈಟ್‌ವಾಟರ್ ಎಂಬಲ್ಲಿಯ ಉಪಾಧ್ಯಾಯರ ತರಬೇತಿ ಶಾಲೆಯಲ್ಲಿ ವಾರನ್ ಜಾನ್ಸನ್ ಎಂಬ ಅಧ್ಯಾಪಕರಿದ್ದರು. ಶಾಲೆಯ ಜವಾನ ತರಗತಿಯಿಂದ ತರಗತಿಗೆ ಹೋಗಿ ಉಷ್ಣಮಾಪಕ ನೋಡಿಕೊಂಡು, ನೆಲಮಾಳಿಗೆಗೆ ಇಳಿದು ಶಾಖದ ಬಾಗಿಲುಗಳನ್ನು ಸರಿಪಡಿಸಬೇಕಾಗಿತ್ತು. ಪಾಠದ ನಡುವೆ ಬಾಗಿಲು ತೆರೆಯುವ ಈ ಕಾಟಕ್ಕೆ ಕೊನೆ ಹಾಡಲು, ಕೋಣೆ ತಣ್ಣಗಾದಾಗ ಕೆಳಗೆ ಗಂಟೆ ಬಾರಿಸುವ ಉಪಕರಣವೊಂದನ್ನು ಜಾನ್ಸನ್ ರಚಿಸಿ, 1883ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಎರಡು ವರ್ಷದ ಮೇಲೆ, 1885ರಲ್ಲಿ, ಇದೇ ಮಿನಿಯಾಪೊಲಿಸ್ಸಿನಲ್ಲಿ ಆಲ್ಬರ್ಟ್ ಬುಟ್ಸ್ ಎಂಬವರು ಒಂದು ಹೆಜ್ಜೆ ಮುಂದೆ ಹೋಗಿ, ಮನೆ ತಣ್ಣಗಾದಾಗ ಕಲ್ಲಿದ್ದಲ ಒಲೆಯ ಗಾಳಿಬಾಗಿಲನ್ನು ತಾನಾಗಿಯೇ ತೆರೆಯುವ ಉಪಾಯ ಕಂಡುಹಿಡಿದರು. 1953ರಲ್ಲಿ ಹನಿವೆಲ್ ಕಂಪೆನಿ, ಹೆನ್ರಿ ಡ್ರೈಫಸ್ ಎಂಬ ವಿನ್ಯಾಸಕಾರರ ಕೈಯಿಂದ ರೂಪುಗೊಂಡ ಗುಂಡನೆಯ ಥರ್ಮೊಸ್ಟಾಟನ್ನು ಹೊರತಂದಿತು. ಸುರುಳಿ ಸುತ್ತಿದ ದ್ವಿಲೋಹ ಪಟ್ಟಿಯ ತುದಿಗೆ ಪಾದರಸ ತುಂಬಿದ ಪುಟ್ಟ ಗಾಜಿನ ಬುರುಡೆ. ಪಟ್ಟಿ ತಿರುಗಿದಂತೆ ಬುರುಡೆ ವಾಲುತ್ತದೆ, ಪಾದರಸ ಹರಿದು ವಿದ್ಯುತ್ತಿಗೆ ಸೇತುವೆಯಾಗುತ್ತದೆ. ಅಕ್ಕನ ಮನೆಯ ಗೋಡೆಯ ಮೇಲೆ ಇದ್ದದ್ದು ಇಂಥದ್ದೇ.

ಗುಂಡು ಯಂತ್ರ ನಂಬಿಕಸ್ತ. ಆದರೆ ಅದಕ್ಕೆ ಗೊತ್ತಿರುವುದು ಒಂದೇ ಅಂಕೆ. ರಾತ್ರಿ ಶಾಖ ತಗ್ಗಿಸಬೇಕಾದರೆ ಯಾರಾದರೂ ಎದ್ದು ತಿರುಗಿಸಬೇಕು. ಬೆಳಗಿನ ಜಾವ ಮತ್ತೆ ಎದ್ದು ಏರಿಸಬೇಕು. ಈ ಕೆಲಸವನ್ನು ಗಡಿಯಾರಕ್ಕೆ ವಹಿಸಿದರೆ ಆಗುವುದೇ ಕಾರ್ಯಕ್ರಮ ಕಟ್ಟಬಹುದಾದ ಥರ್ಮೊಸ್ಟಾಟ್. ಅನಿಲದ ಬಿಲ್ಲು ನೋಡಿ ನೋಡಿ ಬೇಸತ್ತ ಭಾವ ಅಂಥದೊಂದನ್ನು ಕೊಂಡು ತಂದಿದ್ದರು. ಕೂರಿಸುವ ಕೆಲಸಕ್ಕೆ ನಾನು ಸಹಾಯಕ.

ಇದರಲ್ಲಿ ಭಯಪಡುವಂಥದೇನೂ ಇಲ್ಲ, ಆದರೆ ಒಂದು ವಿಷಯ ಮೊದಲೇ ತಿಳಿದಿರಬೇಕು. ಕುಲುಮೆಯಿರುವ ಮನೆಗಳಲ್ಲಿ ಥರ್ಮೊಸ್ಟಾಟಿನ ತಂತಿಗಳಲ್ಲಿ ಹರಿಯುವುದು ಬರಿಯ 24 ವೋಲ್ಟ್. ಅವು ನಮ್ಮ ಮನೆಯ ಕರೆಗಂಟೆಯ ತಂತಿಯಷ್ಟೇ ತೆಳ್ಳಗೆ. ಗೋಡೆಯ ಬುಡದಲ್ಲಿ ವಿದ್ಯುತ್ ಹೀಟರುಗಳಿರುವ ಮನೆಗಳಲ್ಲಾದರೋ 120 ಇಲ್ಲವೆ 240 ವೋಲ್ಟ್ ನೇರವಾಗಿ ಬರುತ್ತದೆ, ತಂತಿಗಳೂ ದಪ್ಪ. ಅಂಥಲ್ಲಿ ಈ ಯಂತ್ರವನ್ನು ಹಾಕಲೇಬಾರದು. ನಮ್ಮದು ತೆಳ್ಳಗಿನ ಜಾತಿ. ಆದರೂ ಮೊದಲು ಕುಲುಮೆಗೆ ಹೋಗುವ ವಿದ್ಯುತ್ತನ್ನು ಪೂರ್ತಿ ನಿಲ್ಲಿಸಿದೆವು.

ಮುಚ್ಚಳ ತೆಗೆದರೆ ನಾಲ್ಕು ಬಣ್ಣದ ತಂತಿಗಳು. ಒಂದೊಂದೂ ಒಂದೊಂದು ಅಕ್ಷರದ ಕೆಳಗಿನ ತಿರುಪಿಗೆ ಸಿಕ್ಕಿದೆ: ಆರ್ ಎಂದರೆ ವಿದ್ಯುತ್ತು ಬರುವ ತಂತಿ, ಡಬ್ಲ್ಯೂ ಎಂದರೆ ಶಾಖ, ವೈ ಎಂದರೆ ಬೇಸಗೆಯ ತಂಪು, ಜಿ ಎಂದರೆ ಗಾಳಿ ಊದುವ ಫ್ಯಾನು. ಸಾಮಾನ್ಯವಾಗಿ ಇವು ಕ್ರಮವಾಗಿ ಕೆಂಪು, ಬಿಳಿ, ಹಳದಿ, ಹಸಿರು. ಆದರೆ ಬಣ್ಣವನ್ನು ನಂಬಿ ಕೆಲಸ ಮಾಡಬಾರದು. ಮೊದಲು ತಂತಿ ಎಳೆದವನು ಕೈಗೆ ಸಿಕ್ಕಿದ ಬಣ್ಣವನ್ನು ಬಳಸಿರಬಹುದು. ನಂಬಬೇಕಾದುದು ಅಕ್ಷರವನ್ನು. ಬಿಚ್ಚುವ ಮೊದಲು ಒಂದು ಚಿತ್ರ ತೆಗೆದುಕೊಂಡು, ಪ್ರತಿ ತಂತಿಗೂ ಅಕ್ಷರ ಬರೆದ ಚೀಟಿ ಅಂಟಿಸಿದೆವು. ಬಿಚ್ಚಿದ ತಂತಿ ಗೋಡೆಯ ತೂತಿನೊಳಕ್ಕೆ ಜಾರಿಹೋದರೆ ಹೊರಗೆಳೆಯುವುದು ಬಾವಿಗೆ ಬಿದ್ದ ಕೊಡ ಎತ್ತಿದಂತೆ. ಅದಕ್ಕಾಗಿ ಅವನ್ನು ಪೆನ್ಸಿಲಿಗೆ ಸುತ್ತಿಡುವುದು ರೂಢಿ. ಸಿ ಎಂಬ ಐದನೆಯ ತಂತಿಯೂ ಉಂಟು. ಯಂತ್ರಕ್ಕೆ ಸದಾ ವಿದ್ಯುತ್ತು ದೊರಕಿಸುವ ತಂತಿ ಅದು. ಅಂತರಜಾಲಕ್ಕೆ ಸೇರುವ ಈಗಿನ ಥರ್ಮೊಸ್ಟಾಟುಗಳಲ್ಲಿ ಹೆಚ್ಚಿನವಕ್ಕೆ ಅದು ಬೇಕು. ನಮ್ಮ ಗೋಡೆಯಲ್ಲಿ ಅದಿರಲಿಲ್ಲ. ಭಾವ ತಂದದ್ದು ಎರಡು ಸಣ್ಣ ಸೆಲ್ಲುಗಳಿಂದ ನಡೆಯುವ ಸಾಧಾರಣ ಮಾದರಿಯಾದ್ದರಿಂದ ತೊಂದರೆಯಾಗಲಿಲ್ಲ. ಸೆಲ್ಲು ಸತ್ತರೆ ಕುಲುಮೆಗೆ ಅಪ್ಪಣೆ ಹೋಗುವುದಿಲ್ಲ, ಮನೆ ತಣ್ಣಗಾಗುತ್ತದೆ, ನಲ್ಲಿಯ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ ಕೊಳವೆಯೇ ಒಡೆಯಬಹುದು. ಆದುದರಿಂದ ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಹೊಸ ಸೆಲ್ಲು ಹಾಕಬೇಕು.

ಹೊಸದನ್ನು ಹಳೆಯದರ ಜಾಗದಲ್ಲೇ ಕೂರಿಸಿದೆವು: ಒಳಗೋಡೆ, ಸುಮಾರು ಐದಡಿ ಎತ್ತರ, ಬಿಸಿಲು ಬೀಳದ, ಬಿಸಿಗಾಳಿಯ ಕಿಂಡಿ ಹತ್ತಿರವಿಲ್ಲದ ಸ್ಥಳ. ಗೋಡೆಯ ತೂತಿಗೆ ಹತ್ತಿ ತುರುಕಿ ಮುಚ್ಚಿದೆವು. ಇಲ್ಲವಾದರೆ ಗೋಡೆಯೊಳಗಿನ ತಣ್ಣನೆಯ ಗಾಳಿಯನ್ನೇ ಯಂತ್ರ ಮನೆಯ ಗಾಳಿಯೆಂದು ತಿಳಿಯುತ್ತದೆ. ಒಟ್ಟು ಮುಕ್ಕಾಲು ಗಂಟೆಯ ಕೆಲಸ.

ಕಷ್ಟ ಶುರುವಾದದ್ದು ಅನಂತರ. ಯಂತ್ರದೊಳಗೆ ಕಾರ್ಖಾನೆಯವರೇ ಒಂದು ವೇಳಾಪಟ್ಟಿ ತುಂಬಿ ಕಳುಹಿಸಿರುತ್ತಾರೆ. ದಿನಕ್ಕೆ ನಾಲ್ಕು ಭಾಗ: ಏಳುವುದು, ಹೊರಡುವುದು, ಮರಳುವುದು, ಮಲಗುವುದು. ಬೆಳಿಗ್ಗೆ 6ಕ್ಕೆ 70 ಡಿಗ್ರಿ ಫ್ಯಾರನ್‌ಹೀಟ್, ಎಂದರೆ ನಮ್ಮ ಲೆಕ್ಕದಲ್ಲಿ 21. 8ಕ್ಕೆ 62, ಎಂದರೆ ಸುಮಾರು 17. ಸಂಜೆ 6ಕ್ಕೆ ಮತ್ತೆ 70. ರಾತ್ರಿ 10ಕ್ಕೆ ಮತ್ತೆ 62. ಈ ಪಟ್ಟಿ ಬರೆದವನ ಕಣ್ಣ ಮುಂದೆ ಇದ್ದ ಸಂಸಾರ ಎಂಥದು ನೋಡಿ! ಗಂಡ ಹೆಂಡತಿ ಇಬ್ಬರೂ ಎಂಟಕ್ಕೆ ಬೀಗ ಹಾಕಿ ಕಚೇರಿಗೆ ಹೋಗುವವರು. ಹಗಲು ಮನೆಯಲ್ಲಿ ಮುದುಕಿಯೊಬ್ಬಳು, ಬಾಣಂತಿಯೊಬ್ಬಳು, ಹದಿನೆಂಟು ದಿನದ ಕೂಸೊಂದು ಇರಬಹುದೆಂದು ಅವನಿಗೆ ಹೊಳೆದಿರಲಿಲ್ಲ.

ಪಟ್ಟಿಯನ್ನು ಓದಿ ಹೇಳಿದಾಗ ಅಮ್ಮ, "ಬಾಣಂತಿ ಕೋಣೆಗೂ ಟೈಮ್‌ಟೇಬಲ್ ಏನೋ? ಅದೇನು ನಿನ್ನ ಕಾಲೇಜೇ?" ಎಂದಳು. ಅವಳ ಬೇಡಿಕೆ ಹಗಲೂ ರಾತ್ರಿ ಒಂದೇ, 76 ಡಿಗ್ರಿ, ಎಂದರೆ ಸುಮಾರು 24. ಭಾವ 68ರಿಂದ ಚೌಕಾಸಿ ಶುರುಮಾಡಿದರು. ಇಬ್ಬರ ಕಡೆಯೂ ನ್ಯಾಯವಿತ್ತು. ಮನೆಯೊಳಗೆ ಶಾಖ 18 ಸೆಲ್ಸಿಯಸ್ಸಿಗಿಂತ ಇಳಿಯಬಾರದು, ವೃದ್ಧರಿಗೂ ಎಳೆಯರಿಗೂ ಇನ್ನೂ ಹೆಚ್ಚು ಬೇಕಾದೀತು ಎಂಬುದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೊಟ್ಟ ಸಲಹೆ. ಆ ಲೆಕ್ಕದಲ್ಲಿ ಕಾರ್ಖಾನೆಯ 62 ನಮಗೆ ಸಲ್ಲದು. ಇತ್ತ, ಮಲಗಿದ ಕೂಸಿಗೆ ಅತಿ ಸೆಕೆಯೂ ಅಪಾಯವೆಂದು ಅಮೆರಿಕದ ಶಿಶುವೈದ್ಯರ ಸಂಘ ಎಚ್ಚರಿಸುತ್ತದೆ. ಆದುದರಿಂದ ರಾತ್ರಿಯಿಡೀ 76 ಕೂಡ ಸಲ್ಲದು. ಈ ಎರಡನೆಯ ಮಾತನ್ನು ಅಮ್ಮನಿಗೆ ಒಪ್ಪಿಸಲು ಭಾವನಿಂದಾಗಲಿ ನನ್ನಿಂದಾಗಲಿ ಆಗಲಿಲ್ಲ. ಆಸ್ಪತ್ರೆಯ ನರ್ಸು ಹೇಳಿದ್ದನ್ನು ಅಕ್ಕನೇ ತಿಳಿಸಿದ ಮೇಲೆ ಅಮ್ಮ ಸ್ವಲ್ಪ ಇಳಿದಳು.

ಆ ಸಂಜೆ ಊಟದ ಮೇಜಿನ ಮೇಲೆ ಮನೆಯ ದಿನವನ್ನು ಬರೆದೆವು. ಅಮ್ಮ ಏಳುವುದು 5ಕ್ಕೆ: 70. ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುವುದು ಹತ್ತರ ಹೊತ್ತಿಗೆ: ಒಂಬತ್ತೂವರೆಯಿಂದ 74. ಹನ್ನೊಂದೂವರೆಗೆ ಮತ್ತೆ 70. ರಾತ್ರಿ 10ಕ್ಕೆ 66, ಎಂದರೆ 19. ಇದಕ್ಕೆ ಅಕ್ಕ ತಲೆಗೆ ಬಟ್ಟೆ ಕಟ್ಟಿಕೊಂಡು ಎರಡು ರಗ್ಗು ಹೊದೆಯಬೇಕೆಂಬುದು ಅಮ್ಮನ ಷರತ್ತು. ಯಂತ್ರದ ನಾಲ್ಕು ಮನೆಗಳೂ ಸರಿಯಾಗಿ ತುಂಬಿದವು. ಶನಿವಾರ, ಭಾನುವಾರಗಳಿಗೆ ಬೇರೆ ಪಟ್ಟಿ ಬರೆಯುವ ಸೌಕರ್ಯವನ್ನು ನಾವು ಬಳಸಲಿಲ್ಲ. ಕೂಸಿಗೆ ಭಾನುವಾರವಿಲ್ಲ.

ಅಂಕೆ ಒತ್ತುವಾಗ ಒಂದು ಸೂಕ್ಷ್ಮ ಗಮನಿಸಬೇಕು. ಕೆಲವು ಯಂತ್ರಗಳು ಮನೆ ಕಾಯಲು ಎಷ್ಟು ಹೊತ್ತು ಬೇಕೆಂಬುದನ್ನು ತಾವೇ ಕಲಿತು, ಹೇಳಿದ ಗಂಟೆಗೆ ಶಾಖ ಸಿದ್ಧವಿರುವಂತೆ ಮೊದಲೇ ಕುಲುಮೆ ಹೊತ್ತಿಸುತ್ತವೆ. ಕೆಲವು ಹೇಳಿದ ಗಂಟೆಗೇ ಹೊತ್ತಿಸುತ್ತವೆ. ಎರಡನೆಯ ಜಾತಿಯದಾದರೆ ಅರ್ಧ ಗಂಟೆ ಮುಂಚಿನ ಹೊತ್ತನ್ನು ಬರೆಯಬೇಕು.

ಮನೆ ಬೇಗ ಬೆಚ್ಚಗಾಗಲೆಂದು ಅಮ್ಮ ಮೊದಲ ವಾರ ಅಂಕೆಯನ್ನು 85ಕ್ಕೆ ಏರಿಸುತ್ತಿದ್ದಳು. ಇದರಿಂದ ಪ್ರಯೋಜನವಿಲ್ಲ. ಕುಲುಮೆ ಉರಿದರೆ ಒಂದೇ ಸಮನೆ ಉರಿಯುತ್ತದೆ. ಅಂಕೆ ಹೇಳುವುದು ಎಲ್ಲಿ ನಿಲ್ಲಬೇಕೆಂಬುದನ್ನೇ ಹೊರತು ಎಷ್ಟು ಜೋರಾಗಿ ಉರಿಯಬೇಕೆಂಬುದನ್ನಲ್ಲ. ಆದರೆ ಅಮ್ಮನನ್ನು ನೋಡಿ ನಗುವವರು ಸ್ವಲ್ಪ ತಡೆಯಬೇಕು. ವಿಲೆಟ್ ಕೆಂಪ್ಟನ್ ಎಂಬ ಮಾನವಶಾಸ್ತ್ರಜ್ಞರು ಇದೇ ವಿಷಯವಾಗಿ 1986ರಲ್ಲಿ ಪ್ರಬಂಧ ಬರೆದಿದ್ದಾರೆ. ಥರ್ಮೊಸ್ಟಾಟಿನ ನಡುವೆಯೇ ಹುಟ್ಟಿ ಬೆಳೆದ ಅಮೆರಿಕನ್ನರಲ್ಲೂ ಎಷ್ಟೋ ಮಂದಿ ಅದನ್ನು ನಲ್ಲಿಯ ತಿರುಪಿನಂತೆ, ಹೆಚ್ಚು ತಿರುಗಿಸಿದರೆ ಹೆಚ್ಚು ಬರುವ ವಸ್ತುವೆಂದೇ ತಿಳಿದಿದ್ದಾರೆಂದು ಅವರು ತೋರಿಸಿದರು. ಒಲೆಗೆ ಸೌದೆ ಹೆಚ್ಚು ಹಾಕಿದರೆ ಉರಿ ಹೆಚ್ಚು. ಗ್ಯಾಸ್ ಒಲೆಯೂ, ಫ್ಯಾನಿನ ರೆಗ್ಯುಲೇಟರೂ ಹಾಗೆಯೇ. ಜೀವಮಾನವೆಲ್ಲ ಇವುಗಳೊಡನೆ ಬಾಳಿದವಳ ತರ್ಕದಲ್ಲಿ ತಪ್ಪೇನು? ಬೇಸಗೆಯಲ್ಲಿ ನಮ್ಮೂರಿನವರು ಹವಾನಿಯಂತ್ರಕವನ್ನು 16ಕ್ಕೆ ಇಳಿಸಿ ಕೂತು, ಹತ್ತು ನಿಮಿಷದ ಮೇಲೆ ಶಾಲು ಹುಡುಕುವುದೂ ಇದೇ ತರ್ಕದಿಂದ. ನಮ್ಮ ದೇಶದಲ್ಲಿ 2020ರ ಜನವರಿ 1ರಿಂದ ಕೋಣೆಯ ಹವಾನಿಯಂತ್ರಕಗಳು ಮೊದಲಿಗೇ 24 ಡಿಗ್ರಿಗೆ ನಿಂತಿರುವಂತೆ ತಯಾರಾಗಬೇಕೆಂದು ಸರ್ಕಾರ ವಿಧಿಸಿತು. ಅಮ್ಮ ಕೇಳಿದ ಅಂಕೆಯೂ ಅದೇ ಎಂಬುದು ತಮಾಷೆ.

ಭಾವನಿಗಿದ್ದ ಶಂಕೆ ಬೇರೆ. ರಾತ್ರಿ ತಗ್ಗಿಸಿ ಬೆಳಿಗ್ಗೆ ಮತ್ತೆ ಕಾಯಿಸಿದರೆ, ಉಳಿಸಿದ್ದೆಲ್ಲ ಅಲ್ಲಿಗೇ ಖರ್ಚಾಗುವುದಿಲ್ಲವೆ? ಉತ್ತರ ನಮ್ಮ ಬಚ್ಚಲುಮನೆಯಲ್ಲೇ ಇದೆ. ಬೆಳಗಿನ ಸ್ನಾನಕ್ಕೆಂದು ರಾತ್ರಿಯಿಡೀ ಹಂಡೆಯ ಕೆಳಗೆ ಸೌದೆ ಉರಿಸುತ್ತ ಕೂರುವವರುಂಟೆ? ನೀರು ಬಿಸಿಯಾಗಿದ್ದಷ್ಟೂ ಹೊತ್ತು ಶಾಖ ಸೋರುತ್ತಲೇ ಇರುತ್ತದೆ. ಹೊರಗಿನ ಚಳಿಗೂ ಒಳಗಿನ ಶಾಖಕ್ಕೂ ಅಂತರ ಕಡಮೆಯಾದಷ್ಟೂ ಸೋರಿಕೆ ಕಡಮೆ. ದಿನಕ್ಕೆ ಎಂಟು ಗಂಟೆ 7ರಿಂದ 10 ಡಿಗ್ರಿ ಫ್ಯಾರನ್‌ಹೀಟ್ ತಗ್ಗಿಸಿದರೆ ವರ್ಷದ ಖರ್ಚಿನಲ್ಲಿ ನೂರಕ್ಕೆ ಹತ್ತರವರೆಗೂ ಉಳಿಯಬಹುದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ನಾವು ತಗ್ಗಿಸಿದ್ದು ನಾಲ್ಕೇ ಡಿಗ್ರಿ. ಅದರ ಮೇಲೆ ನೀರೆರೆಯುವ ಹೊತ್ತಿನ ಏರಿಕೆ ಬೇರೆ. ನೂರಕ್ಕೆ ಮೂರು ದಕ್ಕಿದರೆ ಪುಣ್ಯ ಎಂದು ನಾನು ಭಾವನಿಗೆ ಲೆಕ್ಕ ಹಾಕಿ ತೋರಿಸಿದೆ. ಅವರಿಗೆ ಅದು ರುಚಿಸಲಿಲ್ಲ.

ಆ ನೂರಕ್ಕೆ ಹತ್ತು ಎಲ್ಲರಿಗೂ ದಕ್ಕುವಂಥದೂ ಅಲ್ಲ. ಇಂಥ ಯಂತ್ರಗಳಿಗೆ ಎನರ್ಜಿ ಸ್ಟಾರ್ ಎಂಬ ಸರ್ಕಾರಿ ಮುದ್ರೆ ಬಹುಕಾಲ ಇತ್ತು. 2009ರ ಕೊನೆಗೆ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಯಂತ್ರ ಕೆಟ್ಟದೆಂದಲ್ಲ, ಕೊಂಡವರ ಮನೆಗಳಲ್ಲಿ ಉಳಿತಾಯ ಲೆಕ್ಕದಂತೆ ಕಾಣಲಿಲ್ಲ. 'ಹೋಲ್ಡ್' ಎಂಬ ಒಂದು ಗುಂಡಿಯಿದೆ. ಅದನ್ನು ಒತ್ತಿದರೆ ವೇಳಾಪಟ್ಟಿ ಬದಿಗೆ ಸರಿದು, ಆಗ ಇಟ್ಟ ಅಂಕೆಯೇ ನಿಲ್ಲುತ್ತದೆ. ತಮ್ಮ ಬದುಕಿಗೆ ಹೊಂದದ ಪಟ್ಟಿಯಿಂದ ರೇಗಿದ ಜನ ಒಮ್ಮೆ ಆ ಗುಂಡಿ ಒತ್ತಿ ಮರೆತುಬಿಡುತ್ತಾರೆ. ಅಲ್ಲಿಗೆ ಹೊಸ ಯಂತ್ರ ಹಳೆಯ ಗುಂಡು ಯಂತ್ರವೇ ಆಯಿತು. ನಾನು ಅಲ್ಲಿದ್ದ ಐದು ವಾರಗಳಲ್ಲಿ ನಮ್ಮ ಮನೆಯಲ್ಲಿ ಅದನ್ನು ಒತ್ತಿದ್ದು ಎರಡೇ ಸಲ. ಎರಡು ಸಲವೂ ಅಮ್ಮ, ಎರಡೂ ಸಲ ಹೊರಗೆ ಹಿಮದ ಬಿರುಗಾಳಿಯಿತ್ತು. ಮರುದಿನ ಅವಳೇ ಅಕ್ಕನನ್ನು ಕರೆದು ಬಿಡಿಸಿದಳು.

ಇಷ್ಟಾದ ಮೇಲೆ ಉಳಿದದ್ದು ಹಳೆಯ ಗುಂಡು ಯಂತ್ರ. ಅದರ ಬುರುಡೆಯಲ್ಲಿ ಸುಮಾರು 3 ಗ್ರಾಂ ಪಾದರಸವಿರುತ್ತದೆ. ಕಸದ ಬುಟ್ಟಿಗೆ ಎಸೆಯುವಂತಿಲ್ಲ. ಭಾವ ಅದನ್ನು ಗಾಜು ಒಡೆಯದಂತೆ ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು, ಅಪಾಯಕರ ಕಸವನ್ನು ಬೇರೆಯಾಗಿ ತೆಗೆದುಕೊಳ್ಳುವ ಸ್ಥಳಕ್ಕೆ ಒಯ್ದು ಕೊಟ್ಟು ಬಂದರು. ಏಪ್ರಿಲಿನಲ್ಲಿ ಅಮ್ಮ ಊರಿಗೆ ಮರಳಿದಳು. ಅಕ್ಕ ಬೆಳಗಿನ 5 ಗಂಟೆಯನ್ನು ತಿದ್ದಿ 6:30 ಮಾಡಿದಳಂತೆ. ನೀರೆರೆಯುವ ಹೊತ್ತಿನ 74ನ್ನು ಹಾಗೆಯೇ ಬಿಟ್ಟಿದ್ದಾಳೆ.