ಅದ್ಯತನ ಭೂತ: ಸ್ಪ್ಯಾನಿಷ್ ಭಾಷೆಯ ಒಂದು ಕ್ರಿಯಾರೂಪ

ಮ್ಯಾಡ್ರಿಡ್ ನಗರದಲ್ಲಿ ಮಧ್ಯಾಹ್ನ ಮೂರು ಗಂಟೆಯ ವೇಳೆಗೆ ಭೋಜನ ತೀರಿಸಿ ಎದ್ದವನೊಬ್ಬನನ್ನು ನೆರೆಯವನು ಬಂದು ಊಟವಾಯಿತೇ ಎಂದು ವಿಚಾರಿಸಿದರೆ, ಅವನು ‘ಎ ಕೊಮೀದೊ’ ಎಂದು ಎರಡು ಪದಗಳಲ್ಲಿ ಉತ್ತರ ಕೊಡುತ್ತಾನೆ. ನಿನ್ನೆ ಎಲ್ಲಿ ಉಂಡೆ ಎಂದು ಕೇಳಿದರೆ, ಅದೇ ಮನುಷ್ಯನು ಅದೇ ಧಾತುವಿನಿಂದ ‘ಕೊಮೀ’ ಎಂಬ ಒಂದೇ ಪದವನ್ನು ತೆಗೆದು, ಊರಿನ ಹೆಸರನ್ನೋ ಮನೆಯ ಹೆಸರನ್ನೋ ಅದಕ್ಕೆ ಸೇರಿಸುತ್ತಾನೆ. ಕನ್ನಡಿಗನು ಎರಡು ಕಡೆಯೂ ‘ಉಂಡೆ’ ಎಂದೇ ಹೇಳಿ ನಿಶ್ಚಿಂತನಾಗಿರಬಹುದು. ಆದರೆ ಸ್ಪೇನಿನ ರಾಜಧಾನಿಯಲ್ಲಿ ಈ ಎರಡು ಊಟಗಳ ನಡುವೆ ಒಂದು ರಾತ್ರಿ ಕಳೆದಿದೆಯೆಂಬ ಲೆಕ್ಕವನ್ನು ಕ್ರಿಯಾಪದವೇ ಇಟ್ಟುಕೊಂಡಿರುತ್ತದೆ. ಸ್ಪ್ಯಾನಿಷ್ ಕಲಿಯಲು ಹೊರಟವರು ಮೊದಲ ವರ್ಷದಲ್ಲಿಯೇ ಎಡವುವುದು ಈ ಲೆಕ್ಕದಲ್ಲಿ. ರೂಪಗಳು ಸುಲಭವಾಗಿರುವುದರಿಂದ ಎಡವಿದ್ದು ಕೂಡ ಅವರಿಗೆ ಬಹುಕಾಲ ತಿಳಿಯುವುದಿಲ್ಲ.

ಸ್ಪೇನಿನ ವ್ಯಾಕರಣಗ್ರಂಥಗಳು ‘ಎ ಕೊಮೀದೊ’ ಎಂಬ ಈ ಎರಡು ಪದಗಳ ರೂಪವನ್ನು ‘ಪ್ರೆತೇರಿತೊ ಪೆರ್ಫೆಕ್ತೊ ಕೊಂಪ್ವೆಸ್ತೊ’ ಎಂದು, ಅಂದರೆ ಸಂಯುಕ್ತ ಪೂರ್ಣಭೂತ ಎಂದು ಕರೆಯುತ್ತವೆ. ಹೆಸರು ಉದ್ದವಾದಷ್ಟು ಅರ್ಥವು ಸ್ಪಷ್ಟವಾಗುವುದಿಲ್ಲವೆಂಬುದಕ್ಕೆ ಇದು ಒಳ್ಳೆಯ ನಿದರ್ಶನ. ವೆನೆಜುವೆಲಾದ ಕಾರಾಕಾಸಿನಲ್ಲಿ 1781ರಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಹಲವು ವರ್ಷ ಕಷ್ಟದಲ್ಲಿ ಕಳೆದು, ಕೊನೆಗೆ ಚಿಲಿ ದೇಶದಲ್ಲಿ ನೆಲೆಸಿ, ಅಲ್ಲಿಯ ವಿಶ್ವವಿದ್ಯಾನಿಲಯದ ಮೊದಲ ಕುಲಪತಿಯಾದ ಆಂದ್ರೆಸ್ ಬೆಯೊ ಎಂಬ ಪಂಡಿತನು, 1847ರಲ್ಲಿ ಅಮೆರಿಕದ ಜನರ ಉಪಯೋಗಕ್ಕೆಂದೇ ಬರೆದ ತನ್ನ ವ್ಯಾಕರಣದಲ್ಲಿ ಈ ರೂಪಕ್ಕೆ ‘ಆಂತೆಪ್ರೆಸೆಂತೆ’ ಎಂದು ಹೆಸರಿಟ್ಟನು. ಪ್ರಾಗ್ವರ್ತಮಾನ ಎಂದು ಅದನ್ನು ಕನ್ನಡಿಸಬಹುದು. ಕ್ರಿಯೆಯು ಮುಗಿದುದು ನಿಜ, ಆದರೆ ಅದನ್ನು ಅಳೆಯುವ ಕೋಲು ವರ್ತಮಾನದ ಕೈಯಲ್ಲಿದೆ ಎಂಬ ತತ್ತ್ವವನ್ನು ಅವನು ಹೆಸರಿನಲ್ಲಿಯೇ ಅಡಕ ಮಾಡಿದನು. ಭೂತಕಾಲದ ಪಂಗಡದಿಂದ ಇದನ್ನು ಎತ್ತಿ ವರ್ತಮಾನದ ಪಕ್ಕದಲ್ಲಿ ಕೂರಿಸಿದ ಆ ಒಂದು ಕೈಚಳಕಕ್ಕಾಗಿಯೇ ನಾನು ಬೆಯೊನನ್ನು ಗೌರವಿಸುತ್ತೇನೆ.

ಭಾರತೀಯರಾದ ನಮಗೆ ಈ ವಿವೇಚನೆಯು ಹೊಸದೇನೂ ಅಲ್ಲ. ಪಾಣಿನಿಯು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದಲ್ಲಿ ಭೂತಕಾಲವನ್ನು ಮೂರಾಗಿ ವಿಂಗಡಿಸಿ, ಇಂದಿನದಲ್ಲದ ಭೂತಕ್ಕೆ, ಅಂದರೆ ‘ಅನದ್ಯತನ’ಕ್ಕೆ, ಲಙ್ ಲಕಾರವನ್ನೂ, ಹಾಗೆ ಇಂದಿನದಲ್ಲದೆ ಕಣ್ಣಿಗೂ ಬೀಳದ ‘ಪರೋಕ್ಷ’ಕ್ಕೆ ಲಿಟ್ ಲಕಾರವನ್ನೂ, ಇಂದಿನದನ್ನೂ ಒಳಗೊಂಡ ಸಾಮಾನ್ಯ ಭೂತಕ್ಕೆ ಲುಙ್ ಲಕಾರವನ್ನೂ ವಿಧಿಸಿದನು. ಹಾಗಾದರೆ ‘ಇಂದು’ ಎಂಬುದು ಎಲ್ಲಿಂದ ಎಲ್ಲಿಯವರೆಗೆ ಎಂಬ ಪ್ರಶ್ನೆ ಏಳಲೇಬೇಕಷ್ಟೆ. ಕಳೆದ ರಾತ್ರಿಯ ಉತ್ತರಾರ್ಧದಿಂದ ಬರಲಿರುವ ರಾತ್ರಿಯ ಪೂರ್ವಾರ್ಧದವರೆಗೆ ಅದ್ಯತನವೆಂದು ವ್ಯಾಖ್ಯಾನಕಾರರು ಗಡಿ ಹಾಕಿಕೊಟ್ಟರು. ಎಷ್ಟೋ ಶತಮಾನಗಳ ಬಳಿಕ, 1660ರಲ್ಲಿ, ಫ್ರಾನ್ಸಿನ ಪೋರ್-ರೊಯಾಲ್ ಪಂಡಿತರು ತಮ್ಮ ಭಾಷೆಯ ಸರಳ ಭೂತವನ್ನು ಕನಿಷ್ಠಪಕ್ಷ ಒಂದು ದಿನ ಹಿಂದೆ ಸರಿದ ಸಂಗತಿಗಳಿಗೆ ಮಾತ್ರ ಬಳಸತಕ್ಕದ್ದೆಂದು ಬರೆದಾಗ, ಪಾಣಿನಿಯ ಹೆಸರನ್ನು ಕೇಳಿರದ ಅವರು ಅವನ ಸೂತ್ರವನ್ನೇ ಮರಳಿ ಕಂಡುಕೊಂಡಂತಾಯಿತು. ಸಂಸ್ಕೃತದಲ್ಲಿ ಈ ಕಟ್ಟುಪಾಡು ಕಾವ್ಯಗಳ ಕಾಲಕ್ಕೆ ಸಡಿಲವಾಗಿ ಮೂರು ಲಕಾರಗಳೂ ಬೆರೆತುಹೋದವು; ಆಡುನುಡಿಯ ಫ್ರೆಂಚಿನಲ್ಲಿ ಸಂಯುಕ್ತರೂಪವು ಸರಳರೂಪವನ್ನು ಮನೆಯಿಂದಲೇ ಹೊರಗಟ್ಟಿತು. ಸ್ಪೇನಿನಲ್ಲಿ ಮಾತ್ರ ಆ ಕಟ್ಟುಪಾಡು ಇಂದಿಗೂ ಹಾಲು ಮಾರುವವಳ ಬಾಯಲ್ಲಿಯೂ ಜೀವಂತವಾಗಿದೆ.

ರೂಪಸಿದ್ಧಿಯನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ‘ಅಬೆರ್’ ಎಂಬ ಸಹಾಯಕ ಧಾತುವಿನ ವರ್ತಮಾನ ರೂಪಗಳಾದ ಎ, ಆಸ್, ಆ, ಏಮೊಸ್, ಅಬೆಯಿಸ್, ಆನ್ ಎಂಬ ಆರನ್ನು ಕಂಠಪಾಠ ಮಾಡಿಕೊಂಡು, ‘ಆರ್’ ಎಂದು ಕೊನೆಗೊಳ್ಳುವ ಧಾತುಗಳಿಗೆ ‘ಆದೊ’ ಎಂದೂ, ‘ಎರ್’ ಮತ್ತು ‘ಈರ್’ ಎಂದು ಕೊನೆಗೊಳ್ಳುವವಕ್ಕೆ ‘ಈದೊ’ ಎಂದೂ ಪ್ರತ್ಯಯ ಹಚ್ಚಿ ಕೃದಂತವನ್ನು ಮಾಡಿಕೊಂಡರೆ ಮುಗಿಯಿತು: ಆಬ್ಲಾರ್ ಎಂಬುದರಿಂದ ಆಬ್ಲಾದೊ, ಕೊಮೆರ್ ಎಂಬುದರಿಂದ ಕೊಮೀದೊ, ಬಿಬೀರ್ ಎಂಬುದರಿಂದ ಬಿಬೀದೊ. ದಾರಿ ತಪ್ಪಿದ ಹತ್ತು ಹನ್ನೆರಡು ಕೃದಂತಗಳಿವೆ. ಎಲ್ಲ ಭಾಷೆಗಳಲ್ಲಿಯೂ ಇರುವಂತೆ ಅವು ದಿನಕ್ಕೆ ನೂರು ಸಲ ಬೇಕಾಗುವ ಮಾತುಗಳೇ ಆಗಿವೆ. ಮಾಡಿದ್ದು ಏಚೊ, ಹೇಳಿದ್ದು ದೀಚೊ, ನೋಡಿದ್ದು ಬಿಸ್ತೊ, ಬರೆದದ್ದು ಎಸ್ಕ್ರೀತೊ, ಇಟ್ಟದ್ದು ಪ್ವೆಸ್ತೊ, ಒಡೆದದ್ದು ರೋತೊ, ಹಿಂದಿರುಗಿದ್ದು ಬ್ವೆಲ್ತೊ, ಸತ್ತದ್ದು ಮ್ವೆರ್ತೊ. ಸಹಾಯಕ ಧಾತುವಿನ ಮೊದಲಲ್ಲಿ ಹಕಾರದ ಅಕ್ಷರವನ್ನು ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಆ ಕಾರಣದಿಂದ ‘ಆ’ ಎಂಬ ಕ್ರಿಯಾಪದವನ್ನೂ ‘ಆ’ ಎಂಬ ಉಪಸರ್ಗಾವ್ಯಯವನ್ನೂ ಕಿವಿಯು ಬೇರ್ಪಡಿಸಲಾರದೆ, ಸ್ಪೇನಿನ ಶಾಲಾಬಾಲಕರೇ ಬರವಣಿಗೆಯಲ್ಲಿ ಅದಲುಬದಲು ಮಾಡಿ ಉಪಾಧ್ಯಾಯರ ಕೆಂಪು ಶಾಯಿಗೆ ಕೆಲಸ ಕೊಡುತ್ತಾರೆ. ಸಹಾಯಕಕ್ಕೂ ಕೃದಂತಕ್ಕೂ ನಡುವೆ ಇನ್ನೊಂದು ಪದಕ್ಕೆ ಸಾಮಾನ್ಯವಾಗಿ ಪ್ರವೇಶವಿಲ್ಲ. ‘ಅವನನ್ನು ನೋಡಿದ್ದೇನೆ’ ಎನ್ನಲು ‘ಲೊ ಎ ಬಿಸ್ತೊ’ ಎಂದು ಸರ್ವನಾಮವನ್ನು ಹೊಸ್ತಿಲ ಹೊರಗೇ ನಿಲ್ಲಿಸಬೇಕು.

ಆದರೆ ಈ ಜೋಡಣೆಯ ಪೂರ್ವಚರಿತ್ರೆಯನ್ನು ಅಷ್ಟು ಬೇಗ ದಾಟಿಹೋಗಲು ಮನಸ್ಸಾಗದು. ಲ್ಯಾಟಿನ್ ಭಾಷೆಯ ‘ಹಬೇರೆ’ ಧಾತುವಿಗೆ ಇಟ್ಟುಕೊಂಡಿರುವುದು, ಹೊಂದಿರುವುದು ಎಂದರ್ಥ. ರೋಮನರು ಬರೆದು ಸಿದ್ಧವಾದ ಪತ್ರಗಳು ತಮ್ಮ ಬಳಿಯಿವೆ ಎನ್ನುವಾಗ ಈ ಧಾತುವಿನೊಡನೆ ‘ಬರೆಯಲ್ಪಟ್ಟ’ ಎಂಬ ವಿಶೇಷಣವನ್ನು ಪತ್ರದ ಲಿಂಗವಚನಗಳಿಗೆ ಹೊಂದಿಸಿ ಹೇಳುತ್ತಿದ್ದರು. ಬರೆದವನು ಯಾರಾದರೂ ಆಗಿರಬಹುದಾಗಿತ್ತು. ಬಳಿಯಿರುವ ಪತ್ರವನ್ನು ಬರೆದವನೂ ತಾನೇ ಆಗಿರುವುದು ಬಹುಮಟ್ಟಿಗೆ ನಡೆಯುವ ಸಂಗತಿಯಾದುದರಿಂದ, ‘ಬರೆದ ಪತ್ರ ನನ್ನಲ್ಲಿದೆ’ ಎಂಬ ಮಾತು ಕಾಲಕ್ರಮದಲ್ಲಿ ‘ಪತ್ರ ಬರೆದಿದ್ದೇನೆ’ ಎಂಬ ಅರ್ಥಕ್ಕೆ ಜಾರಿತು. ಸ್ವಾಮ್ಯದ ಅರ್ಥವು ಬತ್ತಿಹೋದ ‘ಅಬೆರ್’ ಬರಿಯ ಸಹಾಯಕವಾಗಿ, ಹೊಂದಿರುವುದಕ್ಕೆ ‘ತೆನೆರ್’ ಎಂಬ ಮತ್ತೊಂದು ಧಾತುವನ್ನು ಹುಡುಕಿಕೊಳ್ಳಬೇಕಾಯಿತು. ಹಳೆಯ ಕ್ಯಾಸ್ಟಿಲಿಯನ್ನಿನಲ್ಲಿ ಕೃದಂತವು ಇನ್ನೂ ಕರ್ಮಪದದ ಲಿಂಗವಚನಗಳನ್ನು ಅನುಸರಿಸುವುದಿತ್ತು. ಈಗ ಅದು ‘ಒ’ಕಾರದಲ್ಲಿ ಹೆಪ್ಪುಗಟ್ಟಿ, ಪತ್ರ ಒಂದಿರಲಿ ನೂರಿರಲಿ ‘ಎಸ್ಕ್ರೀತೊ’ ಎಂದೇ ನಿಲ್ಲುತ್ತದೆ. ಇಷ್ಟು ಸಾಲದೆಂದು ಅದೇ ಧಾತುವು ಕ್ರಿಯೆಯ ಹಿಂಬದಿಗೂ ಅಂಟಿಕೊಂಡು ಭವಿಷ್ಯತ್ಕಾಲವನ್ನು ಹುಟ್ಟಿಸಿತು: ಮಾತನಾಡುವೆನು ಎಂಬರ್ಥದ ‘ಆಬ್ಲರೇ’ ಎಂಬ ಪದವನ್ನು ಬಿಡಿಸಿದರೆ ದೊರೆಯುವುದು ‘ಆಬ್ಲಾರ್’ ಮತ್ತು ‘ಎ’ ಎರಡೇ. ಕಳೆದುದನ್ನೂ ಬರಲಿರುವುದನ್ನೂ ಒಂದೇ ಆಳಿನ ಹೆಗಲಿಗೆ ಹೊರಿಸಿದ ಈ ಮಿತವ್ಯಯ ನೋಡತಕ್ಕದ್ದು.

ಕನ್ನಡಕ್ಕೆ ‘ಹೊಂದು’ ಎಂಬ ಧಾತುವಿನ ಮೇಲೆ ಇಂಥ ಮೋಹವಿಲ್ಲ. ನಮ್ಮಲ್ಲಿ ಹಣವನ್ನು ಯಾರೂ ಹೊಂದುವುದಿಲ್ಲ, ಅದು ನಮಗೆ ಇರುತ್ತದೆ, ಅಥವಾ ಇರುವುದಿಲ್ಲ. ಆದುದರಿಂದ ನಾವು ಈ ರೂಪವನ್ನೂ ‘ಇರು’ ಧಾತುವಿನಿಂದಲೇ ಕಟ್ಟಿಕೊಂಡೆವು: ಬಂದು ಇದ್ದಾನೆ, ಬಂದಿದ್ದಾನೆ. ವಿಚಿತ್ರವೆಂದರೆ ಹಳೆಯ ಸ್ಪ್ಯಾನಿಷ್ ಕೂಡ ಬರುವುದು, ಹೋಗುವುದು, ತಲುಪುವುದು ಮೊದಲಾದ ಗಮನಾರ್ಥಕ ಧಾತುಗಳಲ್ಲಿ ‘ಇರು’ ಎಂಬರ್ಥದ ‘ಸೆರ್’ ಧಾತುವನ್ನೇ ಸಹಾಯಕವಾಗಿ ಬಳಸುತ್ತಿತ್ತು. ಹದಿನೇಳನೆಯ ಶತಮಾನದ ಹೊತ್ತಿಗೆ ‘ಅಬೆರ್’ ಆ ತುಂಡು ನೆಲವನ್ನೂ ಒತ್ತರಿಸಿಕೊಂಡಿತು.

ಈ ರೂಪವನ್ನು ಕಲಿಯುವ ಕನ್ನಡಿಗನು ಇಂಗ್ಲಿಷಿನ ಸೇತುವೆಯನ್ನು ಬಿಟ್ಟು ತನ್ನ ನುಡಿಯ ದಾರಿಯಲ್ಲಿಯೇ ನಡೆಯುವುದು ಲೇಸೆಂಬುದು ನನ್ನ ದೃಢವಾದ ಅಭಿಪ್ರಾಯ. ಹತ್ತು ವರ್ಷಗಳಿಂದ ಇಲ್ಲಿ ವಾಸವಾಗಿದ್ದೇನೆ ಎಂಬ ಮಾತಿಗೆ ಇಂಗ್ಲಿಷು ಪೂರ್ಣರೂಪವನ್ನು ಕೇಳುತ್ತದೆ. ಸ್ಪ್ಯಾನಿಷಿನಲ್ಲಾದರೋ, ಕನ್ನಡದಲ್ಲಿರುವಂತೆಯೇ, ವರ್ತಮಾನವೇ ಸಹಜ: ‘ಬೀಬೊ ಆಕೀ ದೆಸ್ದೆ ಆಸೆ ದಿಯೆಸ್ ಆನ್ಯೊಸ್’. ಈಗ ತಾನೆ ಉಂಡೆ ಎನ್ನುವುದಕ್ಕೂ ಇಂಗ್ಲಿಷಿನ ಮೇಲ್ಪಂಕ್ತಿ ನಡೆಯದು; ‘ಮುಗಿಸು’ ಎಂಬರ್ಥದ ಧಾತುವಿನ ವರ್ತಮಾನದಿಂದ ‘ಅಕಾಬೊ ದೆ ಕೊಮೆರ್’ ಎನ್ನುತ್ತಾರೆ. ಇನ್ನು ನಿಷೇಧದಲ್ಲಿ ನಮಗಿರುವ ಅನುಕೂಲವು ಇಂಗ್ಲಿಷರಿಗೂ ಅಸೂಯೆ ಹುಟ್ಟಿಸುವಂಥದು. ‘ಬರಲಿಲ್ಲ’ ಎಂಬುದಕ್ಕೂ ‘ಬಂದಿಲ್ಲ’ ಎಂಬುದಕ್ಕೂ ಇರುವ ಅಂತರವನ್ನು ಕನ್ನಡದ ಮಗುವೂ ತಪ್ಪದೆ ಅರಿತಿರುತ್ತದೆ: ಮೊದಲನೆಯದು ಬಾಗಿಲು ಹಾಕಿಕೊಂಡು ಒಳಗೆ ಹೋದವರ ಮಾತು, ಎರಡನೆಯದು ಇನ್ನೂ ದಾರಿ ನೋಡುತ್ತ ಜಗಲಿಯಲ್ಲಿ ಕುಳಿತವರ ಮಾತು. ಸ್ಪೇನಿನಲ್ಲಿ ಮೊದಲನೆಯದು ‘ನೊ ಬೀನೊ’, ಎರಡನೆಯದು ‘ತೊದಬೀಯ ನೊ ಆ ಬೆನೀದೊ’. ಸಂದೇಹ ಬಂದಾಗಲೆಲ್ಲ ವಾಕ್ಯವನ್ನು ಮನಸ್ಸಿನಲ್ಲಿ ಕನ್ನಡದ ನಿಷೇಧಕ್ಕೆ ತಿರುಗಿಸಿ ನೋಡಿದರೆ, ಹತ್ತರಲ್ಲಿ ಎಂಟು ಕಡೆಯಾದರೂ ದಾರಿ ತಾನಾಗಿಯೇ ತೋರುವುದು.

ಉಳಿದ ಕಡೆಗಳಲ್ಲಿ ಕನ್ನಡವೇ ಗುಂಡಿ ತೋಡುವುದೂ ಉಂಟು. ‘ಅವನು ನಿನ್ನೆಯೇ ಬಂದಿದ್ದಾನೆ’ ಎಂದು ನಾವು ಯಾವ ಅಳುಕೂ ಇಲ್ಲದೆ ಹೇಳುತ್ತೇವೆ, ಏಕೆಂದರೆ ಬಂದವನು ಈಗಲೂ ಒಳಮನೆಯಲ್ಲಿ ಮಲಗಿದ್ದಾನೆ. ಮ್ಯಾಡ್ರಿಡ್ಡಿನ ಕಿವಿಗೆ ನಿನ್ನೆ ಎಂಬರ್ಥದ ‘ಅಯೆರ್’ ಪದವೂ ಸಂಯುಕ್ತರೂಪವೂ ಒಂದೇ ಪಂಕ್ತಿಯಲ್ಲಿ ಕೂರತಕ್ಕವಲ್ಲ. ಅಲ್ಲಿ ನಿರ್ಣಾಯಕವಾದುದು ಕಾಲದ ಆವರಣವು ತೆರೆದಿದೆಯೇ ಮುಚ್ಚಿದೆಯೇ ಎಂಬುದು: ಇಂದು, ಈ ಬೆಳಿಗ್ಗೆ, ಈ ವಾರ, ಈ ವರ್ಷ ಎಂಬ ಪದಗಳು ಮಾತನಾಡುವವನನ್ನು ತಮ್ಮ ಒಳಗೇ ಇರಿಸಿಕೊಂಡಿರುವುದರಿಂದ ‘ಎ’ಕಾರದ ರೂಪವನ್ನು ಕರೆಯುತ್ತವೆ, ನಿನ್ನೆ, ಕಳೆದ ವಾರ, 1936ರಲ್ಲಿ ಎಂಬವು ಅವನನ್ನು ಹೊರಗಿಟ್ಟಿರುವುದರಿಂದ ಸರಳ ಭೂತವನ್ನು ಬಯಸುತ್ತವೆ. ಈ ನಿಯಮಕ್ಕೂ ಹೃದಯದ ಬಳಿ ಒಂದು ವಿನಾಯಿತಿಯಿದೆ. ತಂದೆ ತೀರಿಕೊಂಡು ಎರಡು ವರ್ಷ ಕಳೆದಿದ್ದರೂ ಆ ದುಃಖವನ್ನು ಇನ್ನೂ ಹೊತ್ತು ತಿರುಗುವವನು ‘ಮಿ ಪಾದ್ರೆ ಆ ಮ್ವೆರ್ತೊ’ ಎಂದಾನು. ಸಾವಿನ ದಾಖಲೆಯನ್ನು ಮಾತ್ರ ತಿಳಿಸುವವನು ‘ಮುರಿಯೋ’ ಎಂದು ಮುಗಿಸುವನು. ಪಂಚಾಂಗದ ಪ್ರಕಾರ ಇಬ್ಬರದೂ ಒಂದೇ ತಿಥಿ.

ಇಲ್ಲಿಯವರೆಗೆ ಹೇಳಿದುದೆಲ್ಲ ಸ್ಪೇನಿನ ನಡುನಾಡಿನ ರೂಢಿ. ಅದೇ ದೇಶದ ವಾಯವ್ಯದಲ್ಲಿರುವ ಗಲೀಸಿಯ, ಆಸ್ತೂರಿಯಾಸ್ ಸೀಮೆಗಳಲ್ಲಿಯೂ, ಕನೇರಿ ದ್ವೀಪಗಳಲ್ಲಿಯೂ ಈ ಬೆಳಗಿನ ಸಂಗತಿಗೂ ಸರಳ ಭೂತವನ್ನೇ ಆಡುತ್ತಾರೆ. ಕೊಲಂಬಸನು 1492ರ ಆಗಸ್ಟ್ 3ರಂದು ಪಾಲೋಸ್ ಬಂದರಿನಿಂದ ಹಾಯಿ ಬಿಚ್ಚಿದ ಹದಿನೈದನೆಯ ದಿನಕ್ಕೆ ಸಾಲಮಾಂಕದಲ್ಲಿ ನೆಬ್ರಿಹ ಎಂಬ ಪಂಡಿತನ ಕ್ಯಾಸ್ಟಿಲಿಯನ್ ವ್ಯಾಕರಣವು ಅಚ್ಚಾಗಿ ಹೊರಬಿತ್ತು. ಆ ಹೊತ್ತಗೆ ಹಡಗನ್ನು ಹತ್ತಲಿಲ್ಲ, ಭಾಷೆ ಮಾತ್ರ ಹತ್ತಿತು. ಅಮೆರಿಕದ ಬಹುಭಾಗದಲ್ಲಿ ಇಂದು ಸರಳ ಭೂತವೇ ಮೇಲುಗೈ. ಮೆಕ್ಸಿಕೊ ನಗರದಲ್ಲಿ ಊಟದ ವಿಚಾರವನ್ನು ‘ಯಾ ಕೊಮಿಸ್ತೆ?’ ಎಂದು ಕೇಳುತ್ತಾರೆ. ‘ಊಟವಾಗಿದೆಯೇ’ ಎನ್ನದೆ ‘ಊಟ ಆಯ್ತಾ’ ಎನ್ನುವ ನಾವು ಈ ವಿಷಯದಲ್ಲಿ ಹುಟ್ಟಾ ಮೆಕ್ಸಿಕನರು. ಅಲ್ಲಿ ಸಂಯುಕ್ತರೂಪವು ಮರೆಯಾಗಿಲ್ಲ, ಬೇರೆ ಕೆಲಸಕ್ಕೆ ನಿಂತಿದೆ: ಹಿಂದಿನಿಂದ ಇಂದಿನವರೆಗೆ ನಡೆದುಬಂದದ್ದನ್ನು, ಮತ್ತೆ ಮತ್ತೆ ಆದದ್ದನ್ನು ಅದು ಸೂಚಿಸುತ್ತದೆ. ಈ ವರ್ಷ ಬಹಳ ಮಳೆ ಬಂದಿದೆ, ಇನ್ನೂ ಬರಬಹುದು ಎನ್ನುವಾಗ ಮೆಕ್ಸಿಕನನೂ ‘ಆ ಯೊಬೀದೊ’ ಎನ್ನುತ್ತಾನೆ. ಬ್ವೆನೊಸ್ ಐರೆಸಿನವರು ಇದನ್ನು ಇನ್ನೂ ವಿರಳವಾಗಿ ಬಳಸಿದರೆ, ಅದೇ ಅರ್ಜೆಂಟೀನದ ವಾಯವ್ಯದಲ್ಲಿರುವ ತುಕುಮಾನ್ ಮತ್ತು ಸಾಲ್ತಾ ಪ್ರಾಂತಗಳವರು ಧಾರಾಳವಾಗಿ ಬಳಸುತ್ತಾರೆ. ವಿದ್ಯಾರ್ಥಿಯು ಯಾವ ಊರಿನ ಭಾಷೆಯನ್ನು ಕಲಿಯುತ್ತಿದ್ದಾನೆಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳದೆ ಹೋದರೆ, ಒಬ್ಬ ಗುರುವು ತಿದ್ದಿದ್ದನ್ನು ಇನ್ನೊಬ್ಬನು ಮರಳಿ ತಿದ್ದುವ ಪ್ರಸಂಗ ಬರುತ್ತದೆ. ಇಬ್ಬರೂ ಸರಿಯಾಗಿರುತ್ತಾರೆಂಬುದೇ ಅದರ ತಮಾಷೆ.

ಆಂಡೀಸ್ ಪರ್ವತಗಳ ಮೇಲೇರಿದರೆ ಪಾಣಿನಿಯ ಪರೋಕ್ಷಭೂತವೂ ಎದುರಾಗುತ್ತದೆ. ಅಲ್ಲಿಯ ಕೆಚುವಾ ಮತ್ತು ಐಮಾರಾ ಭಾಷೆಗಳು ಕಣ್ಣಾರೆ ಕಂಡದ್ದಕ್ಕೂ ಕಾಣದೆ ಅರಿತದ್ದಕ್ಕೂ ಬೇರೆ ಬೇರೆ ಪ್ರತ್ಯಯಗಳನ್ನು ಹಚ್ಚುತ್ತವೆ; ಆ ಭಾಷೆಗಳ ನೆರೆಯಲ್ಲಿ ಬೆಳೆದ ಸ್ಪ್ಯಾನಿಷ್, ತನ್ನಲ್ಲಿದ್ದ ಸಂಯುಕ್ತ ರೂಪಗಳಿಗೇ ಈ ಅರ್ಥವನ್ನು ತುಂಬಿಕೊಂಡಿತು. ಬೊಲಿವಿಯದ ಲಾ ಪಾಸಿನಲ್ಲಿ ಇನ್ನೂ ಒಂದು ಹೆಜ್ಜೆ ಹಿಂದಿನ ‘ಅಬೀಯ’ದ ರೂಪವು ತಾನು ನೋಡದ ಸಂಗತಿಯನ್ನು ಹೇಳುತ್ತದೆ, ಎಕ್ವಡಾರಿನ ಕೀಟೋದಲ್ಲಿ ನಮ್ಮ ಈ ಪ್ರಾಗ್ವರ್ತಮಾನವೇ ಅನಿರೀಕ್ಷಿತವಾಗಿ ತಿಳಿದುಬಂದುದಕ್ಕೆ ಸಲ್ಲುತ್ತದೆ, ರುಚಿಯಿರಲಾರದೆಂದುಕೊಂಡು ಬಾಯಿಗಿಟ್ಟ ಸಾರು ರುಚಿಯಾಗಿದ್ದರೆ ‘ಆ ಸೀದೊ’ ಎಂದು ಬೆರಗಾಗುವರು. ಬೆಳಿಗ್ಗೆ ಕದ ತೆರೆದು, ನೆನೆದ ಅಂಗಳವನ್ನು ಕಂಡು ‘ರಾತ್ರಿ ಮಳೆ ಬಂದಿದೆ’ ಎನ್ನುವ ನಮ್ಮ ಮನೆಯಾಕೆಯೂ ಆ ಮಳೆಯನ್ನು ಕಂಡವಳಲ್ಲ. ಎಚ್ಚರವಿದ್ದು ಕಂಡಿದ್ದರೆ ‘ಬಂತು’ ಎನ್ನುತ್ತಿದ್ದಳು. ಹಾಗಾದರೆ ತನ್ನ ಸ್ವಂತ ಕ್ರಿಯೆಯೇ ತನಗೆ ಪರೋಕ್ಷವಾಗುವುದು ಎಂದಾದರೂ ಸಾಧ್ಯವೇ ಎಂದು ಸಂಸ್ಕೃತದ ವೈಯಾಕರಣರು ತಮ್ಮನ್ನು ತಾವೇ ಕೇಳಿಕೊಂಡು, ನಿದ್ರೆಯಲ್ಲಿ ಕನವರಿಸಿದವನಿಗೂ ಅಮಲಿನಲ್ಲಿ ಬಡಬಡಿಸಿದವನಿಗೂ ಉತ್ತಮಪುರುಷದಲ್ಲಿ ಲಿಟ್ಟನ್ನು ಅನುಮತಿಸಿದರು. ಪೆರುವಿನ ಕುಸ್ಕೊ ಸೀಮೆಯ ಕೆಚುವಾ ರೈತನು, ತಾನು ಕುಡಿದು ಮಾಡಿದ್ದನ್ನೂ ಕನಸಿನಲ್ಲಿ ಕಂಡದ್ದನ್ನೂ ಮರುದಿನ ಹೇಳುವಾಗ, ತನ್ನ ಭಾಷೆಯ ಪರೋಕ್ಷಪ್ರತ್ಯಯವನ್ನೇ ಹಚ್ಚಿ ಹೇಳುತ್ತಾನೆ.